ಪ್ರಾರ್ಥನೆ, ಆರಾಧನೆ ಮತ್ತು ತಾಬೋರಿನ ಬೆಳಕು: 14ನೆಯ ಶತಮಾನದ ಬೈಜಾಂಟಿಯನ್ ವಿವಾದವೊಂದರ ಮರು ಓದು

ಪೀಠಿಕೆ

ಮನುಷ್ಯ ದೇವರನ್ನು ಕಾಣಬಲ್ಲನೇ ಎಂಬ ಪ್ರಶ್ನೆಗೆ ಬೈಬಲ್ ಒಂದೇ ಉತ್ತರ ಕೊಡುವುದಿಲ್ಲ. ವಿಮೋಚನಕಾಂಡದ 33ನೆಯ ಅಧ್ಯಾಯದಲ್ಲಿ ಮೋಶೆ ದೇವರ ಮಹಿಮೆಯನ್ನು ಕಾಣಬೇಕೆಂದು ಬೇಡುತ್ತಾನೆ. ತನ್ನ ಮುಖ ಕಂಡವನು ಬದುಕಲಾರನೆಂದು ಹೇಳಿದ ದೇವರು ಅವನನ್ನು ಬಂಡೆಯ ಸಂದಿನಲ್ಲಿ ನಿಲ್ಲಿಸಿ, ಹಾದುಹೋದ ಮೇಲೆ ಬೆನ್ನನ್ನು ಮಾತ್ರ ತೋರಿಸುತ್ತಾನೆ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮೊದಲು, ದೇವರು ಮೋಶೆಯೊಡನೆ ಗೆಳೆಯನೊಡನೆ ಎಂಬಂತೆ ಎದುರುಬದುರಾಗಿ ಮಾತಾಡುತ್ತಿದ್ದನೆಂದೂ ಇದೆ. ಕಾಣಲಾಗದು ಎಂಬುದೂ ಕಂಡೆವು ಎಂಬುದೂ ಒಂದೇ ಗ್ರಂಥದ ಸಾಕ್ಷ್ಯಗಳು. ಎರಡರಲ್ಲಿ ಯಾವುದನ್ನೂ ಬಿಡದೆ ಎರಡನ್ನೂ ಹಿಡಿದುಕೊಳ್ಳುವ ಯತ್ನ ಕ್ರೈಸ್ತ ಚಿಂತನೆಯಲ್ಲಿ ಶತಮಾನಗಳ ಕಾಲ ನಡೆಯಿತು. ಆ ಯತ್ನ ತನ್ನ ಅತ್ಯಂತ ಸ್ಪಷ್ಟ ರೂಪವನ್ನು ಪಡೆದದ್ದು 14ನೆಯ ಶತಮಾನದ ಬೈಜಾಂಟಿಯನ್ ಸಾಮ್ರಾಜ್ಯದಲ್ಲಿ, ಅಥೋಸ್ ಪರ್ವತದ ಸನ್ಯಾಸಿಗಳ ಪ್ರಾರ್ಥನೆಯನ್ನು ಕುರಿತು ಎದ್ದ ವಿವಾದದಲ್ಲಿ.

ಈ ವಿವಾದವನ್ನು ಏಕಾಂತ ಸಾಧಕರ ಅನುಭಾವಕ್ಕೂ ಶಾಸ್ತ್ರಪಂಡಿತರ ತರ್ಕಕ್ಕೂ ನಡೆದ ಹೋರಾಟವೆಂದು ಓದುವುದು ರೂಢಿ. ಆ ಓದು ಅರ್ಧ ಮಾತ್ರ ನಿಜವೆಂಬುದು ಪ್ರಸ್ತುತ ಲೇಖನದ ವಾದ. ಸನ್ಯಾಸಿಗಳ ಪರವಾಗಿ ನಿಂತ ಗ್ರೆಗರಿ ಪಲಾಮಾಸನ ಬರಹ ಮತ್ತು ಬದುಕನ್ನು ಒಟ್ಟಿಗೆ ಇಟ್ಟು ನೋಡಿದರೆ, ಏಕಾಂತ ಪ್ರಾರ್ಥನೆಯಲ್ಲಿ ಕಂಡ ಬೆಳಕಿಗೆ ಆಧಾರವಾಗಿದ್ದುದು ಸಭೆಯ ಸಾಮೂಹಿಕ ಆರಾಧನೆ, ಅದರಲ್ಲೂ ಪ್ರಭುಭೋಜನ ಎಂಬುದು ತಿಳಿಯುತ್ತದೆ.

ಬೈಬಲ್‌ನ ನೆಲೆ

ವಿವಾದದ ಎರಡೂ ಪಕ್ಷಗಳು ಮತ್ತೆ ಮತ್ತೆ ಮರಳಿದ್ದು ಕ್ರಿಸ್ತನ ರೂಪಾಂತರದ ಪ್ರಸಂಗಕ್ಕೆ. ಮತ್ತಾಯ 17, ಮಾರ್ಕ 9 ಮತ್ತು ಲೂಕ 9ನೆಯ ಅಧ್ಯಾಯಗಳಲ್ಲಿ ಅದು ಬರುತ್ತದೆ. ಯೇಸು ಪೇತ್ರ, ಯಾಕೋಬ, ಯೋಹಾನರನ್ನು ಬೆಟ್ಟಕ್ಕೆ ಕರೆದೊಯ್ಯುತ್ತಾನೆ. ಅವರ ಕಣ್ಣೆದುರು ಅವನ ಮುಖವೂ ಉಡುಪೂ ಹೊಳೆಯುತ್ತವೆ. ಮೋಶೆ ಮತ್ತು ಎಲೀಯ ಅವನೊಡನೆ ಮಾತಾಡುತ್ತಾರೆ. ಸುವಾರ್ತೆಗಳು ಬೆಟ್ಟದ ಹೆಸರು ಹೇಳುವುದಿಲ್ಲ. ಅದನ್ನು ಗಲಿಲಾಯದ ತಾಬೋರ್ ಬೆಟ್ಟವೆಂದು ಗುರುತಿಸಿದ್ದು ಪರಂಪರೆ. ಲೂಕನು ಮಾತ್ರ ಹೇಳುವ ಒಂದು ಸಂಗತಿ ನಮ್ಮ ವಿಷಯಕ್ಕೆ ಮುಖ್ಯ: ಯೇಸು ಬೆಟ್ಟ ಹತ್ತಿದ್ದು ಪ್ರಾರ್ಥಿಸಲು, ಅವನ ಮುಖ ಮಾರ್ಪಟ್ಟದ್ದು ಪ್ರಾರ್ಥಿಸುತ್ತಿರುವಾಗಲೇ. ಮೋಶೆ, ಎಲೀಯರ ಹಾಜರಿಯೂ ಆಕಸ್ಮಿಕವಲ್ಲ. ಇಬ್ಬರೂ ಹೋರೇಬ್ ಎಂದೂ ಕರೆಯಲಾಗುವ ಸೀನಾಯಿಯಲ್ಲಿ ದೇವರ ಸಾನ್ನಿಧ್ಯ ಕಂಡವರು. ಅಲ್ಲಿ ಬೆನ್ನನ್ನಷ್ಟೇ ಕಂಡ ಮೋಶೆ ಇಲ್ಲಿ ಮಹಿಮೆಯ ಮುಖದೆದುರು ನಿಂತಿದ್ದಾನೆ.

ಯೆಶಾಯನ 6ನೆಯ ಅಧ್ಯಾಯ ಇದಕ್ಕೆ ಇನ್ನೊಂದು ಆಯಾಮ ಸೇರಿಸುತ್ತದೆ. ಪ್ರವಾದಿಯ ದರ್ಶನದಲ್ಲಿ ದೇವರ ಉಡುಪಿನ ಅಂಚು ದೇವಾಲಯವನ್ನು ತುಂಬಿರುತ್ತದೆ, ಸೆರಾಫಿಯರೆಂಬ ಸ್ವರ್ಗೀಯ ಜೀವಿಗಳು ದೇವರ ಪರಿಶುದ್ಧತೆಯನ್ನು ಮೂರು ಸಲ ಸಾರುತ್ತಾರೆ. ಅಂದರೆ ಇಲ್ಲಿ ಮಹಿಮೆ ಕಾಣುವುದು ನಡೆಯುತ್ತಿರುವ ಆರಾಧನೆಯ ನಡುವೆ. ಆ ಘೋಷ ಪೂರ್ವ ಮತ್ತು ಪಶ್ಚಿಮದ ಪುರಾತನ ಸಭೆಗಳ ಪ್ರಭುಭೋಜನದ ಪ್ರಾರ್ಥನೆಯಲ್ಲಿ ಸೇರಿಹೋಗಿದೆ. ನೆರೆದ ಸಭೆ ಅದನ್ನು ಹಾಡುವಾಗ ಸ್ವರ್ಗದ ಆರಾಧನೆಯಲ್ಲಿ ತಾನೂ ಪಾಲುಗೊಳ್ಳುತ್ತದೆ ಎಂಬುದು ಕ್ರೈಸ್ತರ ನಂಬಿಕೆ.

ಈ ಎರಡು ಎಳೆಗಳೂ ಕೂಡುವುದನ್ನು ಸೀನಾಯಿ ಬೆಟ್ಟದ ಬುಡದ ಸಂತ ಕ್ಯಾಥರೀನ್ ಮಠದಲ್ಲಿ ಕಣ್ಣಾರೆ ಕಾಣಬಹುದು. ಸಾಮ್ರಾಟ ಜಸ್ಟಿನಿಯನ್ 6ನೆಯ ಶತಮಾನದಲ್ಲಿ ಕಟ್ಟಿಸಿದ ಈ ಮಠದ ದೇವಾಲಯದಲ್ಲಿ ಬಲಿಪೀಠದ ಹಿಂದಿನ ಅರೆಗುಮ್ಮಟದ ತುಂಬ ರೂಪಾಂತರದ ಮೊಸಾಯಿಕ್ ಇದೆ. ನೀಲಿ ಪ್ರಭೆಯ ನಡುವೆ ಕ್ರಿಸ್ತ, ಎರಡು ಬದಿಗೆ ಮೋಶೆ ಮತ್ತು ಎಲೀಯ, ಕೆಳಗೆ ಬೆಚ್ಚಿಬಿದ್ದ ಶಿಷ್ಯರು. ಅದರ ಮೇಲಿನ ಗೋಡೆಯಲ್ಲಿ ಉರಿಯುವ ಪೊದೆಯ ಮುಂದೆ ಒಮ್ಮೆ, ಧರ್ಮಶಾಸ್ತ್ರ ಪಡೆಯುವಾಗ ಒಮ್ಮೆ ಮೋಶೆಯ ಚಿತ್ರಗಳಿವೆ. ಪ್ರಭುಭೋಜನದ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಅರ್ಪಿಸುವ ಪೀಠದತ್ತ ಮುಖಮಾಡಿದ ಭಕ್ತನಿಗೆ ಅದರಾಚೆ ಕಾಣುವುದು ಮಹಿಮೆಯ ಕ್ರಿಸ್ತನೇ. ಪಲಾಮಾಸ್ ಹುಟ್ಟುವ ಏಳು ಶತಮಾನಗಳ ಮೊದಲೇ ಈ ಸಂಬಂಧ ಅಲ್ಲಿ ಸ್ಥಾಪಿತವಾಗಿತ್ತು.

ಅಥೋಸಿನ ಪ್ರಾರ್ಥನಾ ಕ್ರಮ

ವಿವಾದಕ್ಕೆ ಗುರಿಯಾದ ಸನ್ಯಾಸಿಗಳನ್ನು ಹೆಸಿಕಾಸ್ಟರು ಎನ್ನುತ್ತಾರೆ. ಮೌನ ಮತ್ತು ಚಿತ್ತಶಾಂತಿ ಅವರ ಗುರಿ. ಯೇಸುವಿನ ಹೆಸರನ್ನು ಕರೆದು ಕರುಣೆ ಬೇಡುವ ಒಂದು ಕಿರುಪ್ರಾರ್ಥನೆಯನ್ನು ಅವರು ಎಡೆಬಿಡದೆ ಮನಸ್ಸಿನಲ್ಲಿ ನಡೆಸುತ್ತಿದ್ದರು. ಇದರ ಬೇರು ಹಳೆಯದು. 5ನೆಯ ಶತಮಾನದ ಫೋಟಿಕಿಯ ಡಿಯಾಡೋಕಸ್ ಯೇಸುನಾಮದ ಸ್ಮರಣೆಯನ್ನು ಬೋಧಿಸಿದ್ದಾನೆ. ಸೀನಾಯಿ ಮಠದ ಮುಖ್ಯಸ್ಥನಾಗಿದ್ದ ಜಾನ್ ಕ್ಲೈಮಾಕಸ್ ಆ ಸ್ಮರಣೆ ಉಸಿರಿನೊಡನೆ ಬೆರೆಯಬೇಕೆಂದಿದ್ದಾನೆ. 13ನೆಯ ಶತಮಾನದಲ್ಲಿ ಅಥೋಸಿನ ನಿಕಿಫೋರಸ್ ಕುಳಿತು, ಉಸಿರಿನೊಡನೆ ಮನಸ್ಸನ್ನು ಹೃದಯಕ್ಕೆ ಇಳಿಸುವ ಕ್ರಮವನ್ನು ಬರೆದಿಟ್ಟ. ಹೀಗೆ ಪ್ರಾರ್ಥಿಸಿದ ಕೆಲವರು ತಾವು ಒಂದು ಬೆಳಕನ್ನು ಕಂಡೆವೆಂದರು. ಶಿಷ್ಯರು ತಾಬೋರಿನಲ್ಲಿ ಕಂಡದ್ದೂ ಅದೇ ಎಂದರು.

ಈ ಅನುಭವ ಮಠದ ಗೋಡೆಯೊಳಗೇ ಉಳಿದುದಲ್ಲ. ಹೊಸ ದೇವಶಾಸ್ತ್ರಜ್ಞನೆಂದು ಹೆಸರಾದ ಸಿಮಿಯೋನ್ (949–1022) ತನ್ನ ಬೋಧನೆಯೊಂದರಲ್ಲಿ ಜಾರ್ಜ್ ಎಂಬ ಯುವಕನ ಪ್ರಸಂಗ ಹೇಳುತ್ತಾನೆ. ಹಗಲೆಲ್ಲ ಶ್ರೀಮಂತನ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಈ ಗೃಹಸ್ಥ ರಾತ್ರಿ ಪ್ರಾರ್ಥಿಸುತ್ತಿದ್ದಾಗ ಬೆಳಕು ಅವನನ್ನು ತುಂಬಿಕೊಳ್ಳುತ್ತದೆ. ತಾನು ಎಲ್ಲಿದ್ದೇನೆಂಬುದೇ ಮರೆತು ಅವನು ಕಣ್ಣೀರಿಡುತ್ತಾನೆ. ಜಾರ್ಜ್ ಎಂಬ ಹೆಸರಿನಲ್ಲಿ ಸಿಮಿಯೋನ್ ಹೇಳಿಕೊಂಡದ್ದು ತನ್ನದೇ ಕತೆ ಎಂಬುದು ವಿದ್ವಾಂಸರ ಅಭಿಪ್ರಾಯ.

ಬಾರ್ಲಾಮನ ಆಕ್ಷೇಪ

ದಕ್ಷಿಣ ಇಟಲಿಯ ಕಲಾಬ್ರಿಯಾದಿಂದ ಬಂದ ಬಾರ್ಲಾಮ್ ಗ್ರೀಕ್ ತತ್ತ್ವಶಾಸ್ತ್ರದಲ್ಲಿ ಪಳಗಿದ ವಿದ್ವಾಂಸ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅವನಿಗೆ ದೊಡ್ಡ ಗೌರವವಿತ್ತು. ಸನ್ಯಾಸಿಗಳ ಕ್ರಮವನ್ನು ಕೇಳಿ ತಿಳಿದ ಅವನು, ಆತ್ಮವನ್ನು ಹೊಕ್ಕುಳಲ್ಲಿ ಹುಡುಕುವವರೆಂದು ಅವರನ್ನು ಅಪಹಾಸ್ಯ ಮಾಡಿದ. ಆದರೆ ಅವನ ಮೂಲ ಆಕ್ಷೇಪ ಗಂಭೀರವಾದುದು. ದೇವರು ಇಂದ್ರಿಯಕ್ಕೂ ಬುದ್ಧಿಗೂ ನಿಲುಕದವನು. ಆದ್ದರಿಂದ ಕಣ್ಣಿಗೆ ಕಂಡ ಬೆಳಕು ಯಾವುದೇ ಇರಲಿ, ಅದು ಸೃಷ್ಟಿಯಾದ ವಸ್ತು. ತಾಬೋರಿನ ಬೆಳಕು ಕೂಡ ದೇವರನ್ನು ಸೂಚಿಸಲು ಆ ಹೊತ್ತಿಗೆ ಉಂಟಾಗಿ ಅಳಿದುಹೋದ ಒಂದು ಸಂಕೇತ. ಅದನ್ನು ದೇವರ ಮಹಿಮೆಯೆಂದು ಪೂಜಿಸಿದರೆ ಸೃಷ್ಟಿಯನ್ನೇ ಪೂಜಿಸಿದಂತೆ. ದೇವರ ಅಗಮ್ಯತೆಯನ್ನು ಕಾಯಬೇಕೆಂಬ ಕಾಳಜಿ ಈ ವಾದದ ಹಿಂದಿತ್ತು ಎಂಬುದನ್ನು ಒಪ್ಪಲೇಬೇಕು.

ಪಲಾಮಾಸನ ಉತ್ತರ

1296ರಲ್ಲಿ ಹುಟ್ಟಿ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಶಿಕ್ಷಣ ಪಡೆದು ಅಥೋಸಿನ ಸನ್ಯಾಸಿಯಾದ ಗ್ರೆಗರಿ ಪಲಾಮಾಸ್, 1338ರಿಂದ 1341ರ ನಡುವೆ ಮೂರು ಮೂರರ ಮೂರು ಗುಚ್ಛಗಳಲ್ಲಿ ಒಂಬತ್ತು ಪ್ರಬಂಧ ಬರೆದು ಇದಕ್ಕೆ ಉತ್ತರಿಸಿದ. ಅವನ ವಾದದ ತಿರುಳು ಮೂರು ಅಂಶಗಳಲ್ಲಿದೆ.

ಮೊದಲನೆಯದು, ದೇವರ ಸಾರತತ್ತ್ವಕ್ಕೂ ಅವನ ಕ್ರಿಯಾಶಕ್ತಿಗಳಿಗೂ ಇರುವ ಭೇದ. ಸಾರತತ್ತ್ವದಲ್ಲಿ ದೇವರು ಯಾರಿಗೂ, ದೇವದೂತರಿಗೂ ಎಟುಕುವವನಲ್ಲ. ಆದರೆ ತನ್ನ ಶಕ್ತಿಗಳಲ್ಲಿ ಅವನು ತನ್ನನ್ನು ಪೂರ್ಣವಾಗಿ ಕೊಡುತ್ತಾನೆ. ಸೂರ್ಯನನ್ನು ಮುಟ್ಟಲಾರೆವು, ಅವನ ಕಿರಣ ನಮ್ಮನ್ನು ನಿಜವಾಗಿಯೂ ಮುಟ್ಟುತ್ತದೆ ಎಂಬುದು ಪಲಾಮಾಸ್ ಬಳಸಿದ ಹೋಲಿಕೆ. ಮಹಿಮೆಯ ಬೆಳಕು ಸೃಷ್ಟಿಯಾದುದಲ್ಲ. ಅದು ಮನುಷ್ಯನತ್ತ ಬಂದ ದೇವರೇ.

ಎರಡನೆಯದು, ಕಾಣುವವನ ಮಾರ್ಪಾಟು. ತಾಬೋರಿನಲ್ಲಿ ಕ್ರಿಸ್ತನಿಗೆ ಹೊಸದೇನೂ ಸೇರಲಿಲ್ಲ. ಅವನಲ್ಲಿ ಯಾವಾಗಲೂ ಇದ್ದುದನ್ನು ಕಾಣುವ ಶಕ್ತಿಯನ್ನು ಪವಿತ್ರಾತ್ಮನು ಶಿಷ್ಯರ ಕಣ್ಣಿಗೆ ಕೊಟ್ಟನು. ಹಾಗಾಗಿ ಈ ದರ್ಶನ ಬರಿಯ ಇಂದ್ರಿಯದ ಕೆಲಸವಲ್ಲ, ಬರಿಯ ಬುದ್ಧಿಯದೂ ಅಲ್ಲ.

ಮೂರನೆಯದು, ದೇಹದ ಗೌರವ. ದೇಹ ಪವಿತ್ರಾತ್ಮನ ಆಲಯವೆಂದು ಪೌಲನು ಕೊರಿಂಥದವರಿಗೆ ಬರೆದ ಮೇಲೆ, ಪ್ರಾರ್ಥನೆಯಿಂದ ದೇಹವನ್ನು ಹೊರಗಿಡುವುದು ಹೇಗೆ? ಮೋಶೆಯ ಮುಖ ಹೊಳೆದದ್ದು ದೇಹದ ಮೇಲೆಯೇ ಅಲ್ಲವೇ?

ಜಪ, ಪ್ರಾಣಾಯಾಮಗಳನ್ನು ಬಲ್ಲ ಕನ್ನಡ ಓದುಗರಿಗೆ ಈ ಕ್ರಮ ಪರಿಚಿತವೆನಿಸುವುದು ಸಹಜ. ಹೊರಗಿನ ಹೋಲಿಕೆ ಇದೆ. ಅದರಿಂದ ಎರಡನ್ನೂ ಒಂದೆನ್ನಲು ಬರುವುದಿಲ್ಲ. ಉಸಿರಿನ ನಿಯಮವನ್ನು ಪಲಾಮಾಸ್ ಹೊಸದಾಗಿ ತೊಡಗಿದವರ ಚಂಚಲ ಮನಸ್ಸಿಗೆ ನೆರವೆಂದಷ್ಟೇ ಪರಿಗಣಿಸುತ್ತಾನೆ. ಬೆಳಕು ಸಾಧನೆಯ ಫಲವಲ್ಲ, ಕೃಪೆ. ಪ್ರಾರ್ಥನೆಯ ಮಾತೇ ಕರುಣೆಯ ಬೇಡಿಕೆಯಾಗಿರುವುದು ಇದಕ್ಕೆ ತಕ್ಕುದಾಗಿದೆ.

1341ರ ಜೂನ್‌ನಲ್ಲಿ ರಾಜಧಾನಿಯ ಹಗಿಯಾ ಸೋಫಿಯಾ ದೇವಾಲಯದಲ್ಲಿ ಸೇರಿದ ಸಭೆ ಬಾರ್ಲಾಮನ ನಿಲುವನ್ನು ತಿರಸ್ಕರಿಸಿತು. ಅವನು ಇಟಲಿಗೆ ಮರಳಿ ರೋಮನ್ ಸಭೆಯ ಬಿಷಪ್ ಆದ. ಬಳಿಕ ಎದ್ದ ಅಂತರ್ಯುದ್ಧದಲ್ಲಿ ಪಲಾಮಾಸ್ ಸೆರೆವಾಸ ಅನುಭವಿಸಿದ. 1347ರಲ್ಲಿ ಅವನು ಥೆಸಲೋನಿಕದ ಆರ್ಚ್‌ಬಿಷಪ್ ಆದ. 1351ರ ಸಭೆ ಅವನ ಬೋಧನೆಯನ್ನು ವಿವರವಾಗಿ ಅಂಗೀಕರಿಸಿತು. ಇದೇ ಕಾಲದಲ್ಲಿ ಪಶ್ಚಿಮ ಹಿಡಿದ ದಾರಿ ಬೇರೆ. 1336ರಲ್ಲಿ ಪೋಪ್ 12ನೆಯ ಬೆನೆಡಿಕ್ಟ್, ಶುದ್ಧರಾದ ಪುಣ್ಯಾತ್ಮರು ಮರಣಾನಂತರ ದೈವಸಾರವನ್ನೇ ನೇರವಾಗಿ ಕಾಣುತ್ತಾರೆಂದು ಸಾರಿದ್ದ. ಪಶ್ಚಿಮ ಪರಲೋಕಕ್ಕೆ ಸಾರದ ದರ್ಶನವನ್ನು ವಾಗ್ದಾನ ಮಾಡಿತು. ಪೂರ್ವವು ಸಾರವನ್ನು ಎಂದೆಂದಿಗೂ ಅಗಮ್ಯವೆಂದು ಇರಿಸಿ, ಮಹಿಮೆಯ ದರ್ಶನ ಇಹದಲ್ಲೇ ತೊಡಗಬಹುದೆಂದಿತು.

ಸಾಮೂಹಿಕ ಆರಾಧನೆಯ ಸ್ಥಾನ

ಈ ಬೆಳಕು ಏಕಾಂತದ ಸ್ವತ್ತೇ ಎಂಬ ಪ್ರಶ್ನೆಗೆ ಮೂರು ಆಧಾರಗಳು ಉತ್ತರಿಸುತ್ತವೆ. ಮೊದಲನೆಯದು ಪ್ರಬಂಧಗಳೊಳಗೇ ಇದೆ. ತಾಬೋರಿನಲ್ಲಿ ಶಿಷ್ಯರು ಇನ್ನೂ ಕ್ರಿಸ್ತನ ದೇಹದಲ್ಲಿ ಪಾಲುಗೊಂಡಿರಲಿಲ್ಲ, ಆದ್ದರಿಂದ ಬೆಳಕು ಅವರ ಮೇಲೆ ಹೊರಗಿನಿಂದ ಬಿತ್ತು. ಈಗ ಪ್ರಭುಭೋಜನದಲ್ಲಿ ಅವನ ದೇಹ ಭಕ್ತರೊಡನೆ ಬೆರೆತಿರುವುದರಿಂದ ಅದೇ ಬೆಳಕು ಒಳಗಿನಿಂದ ಬೆಳಗುತ್ತದೆ ಎಂದು ಪಲಾಮಾಸ್ ಮೊದಲ ಗುಚ್ಛದ ಮೂರನೆಯ ಪ್ರಬಂಧದಲ್ಲಿ ವಾದಿಸುತ್ತಾನೆ. ಈ ಒಂದು ವಾದ ಸಾಕು: ಸನ್ಯಾಸಿ ಹೃದಯದೊಳಗೆ ಹುಡುಕುವ ಬೆಳಕು ಬಲಿಪೀಠದಿಂದ ಅಲ್ಲಿಗೆ ಬಂದದ್ದು.

ಎರಡನೆಯದು ಅವನ ದಿನಚರಿ. ಸಮಕಾಲೀನನಾದ ಫಿಲೋಥಿಯೋಸ್ ಕೊಕಿನೋಸ್ ಬರೆದ ಜೀವನಚರಿತ್ರೆಯಂತೆ, ವೆರಿಯಾದ ಬಳಿಯ ಆಶ್ರಮದಲ್ಲಿ ಪಲಾಮಾಸ್ ವಾರದ ಐದು ದಿನ ಏಕಾಂತದಲ್ಲಿದ್ದು, ಶನಿವಾರ ಮತ್ತು ಭಾನುವಾರ ಆರಾಧನೆಗೂ ಸಂಭಾಷಣೆಗೂ ಸಹೋದರರೊಡನೆ ಕೂಡುತ್ತಿದ್ದ.

ಮೂರನೆಯದು ಅವನ ಪ್ರಸಂಗಗಳು. ರೂಪಾಂತರದ ಹಬ್ಬದ ಎರಡು ಪ್ರಸಂಗಗಳಲ್ಲಿ ಅವನು ಇದೇ ಸೂಕ್ಷ್ಮ ಸಿದ್ಧಾಂತವನ್ನು ಊರಿನ ಸಾಮಾನ್ಯ ಜನರ ಮುಂದಿಡುತ್ತಾನೆ. ಎಡೆಬಿಡದ ಪ್ರಾರ್ಥನೆ ಸನ್ಯಾಸಿಗಳಿಗೆ ಮಾತ್ರವೆಂದು ವಾದಿಸಿದ ಯೋಬ ಎಂಬ ವೃದ್ಧ ಸನ್ಯಾಸಿಯನ್ನು ಅವನು ಒಪ್ಪದೆ, ಹೆಂಗಸರು ಮಕ್ಕಳಾದಿಯಾಗಿ ಎಲ್ಲರಿಗೂ ಅದು ಸಲ್ಲುತ್ತದೆಂದು ಹೇಳಿದ ಘಟನೆಯೂ ಜೀವನಚರಿತ್ರೆಯಲ್ಲಿದೆ.

ದರ್ಶನದ ಪರೀಕ್ಷೆ

ಬೆಳಕು ಕಂಡೆ ಎಂಬ ಮಾತನ್ನು ನಂಬುವುದು ಹೇಗೆ? ಹೆಸಿಕಾಸ್ಟ್ ಗುರುಗಳು ಭ್ರಮೆಯ ಅಪಾಯವನ್ನು ಚೆನ್ನಾಗಿ ಬಲ್ಲವರು. ಪಲಾಮಾಸನ ಹಿರಿಯ ಸಮಕಾಲೀನ ಸೀನಾಯಿಯ ಗ್ರೆಗರಿ, ಪ್ರಾರ್ಥನೆಯ ವೇಳೆ ತೋರುವ ರೂಪ, ಬೆಳಕುಗಳನ್ನು ಆತುರದಿಂದ ಒಪ್ಪಬಾರದೆಂದು ಎಚ್ಚರಿಸಿದ್ದಾನೆ. ಪರೀಕ್ಷೆಯ ಅಳತೆಗೋಲನ್ನು ಬೈಬಲ್ಲೇ ಕೊಡುತ್ತದೆ. ಮಹಿಮೆ ಕಂಡ ಯೆಶಾಯ ಮೊದಲು ತನ್ನ ಅಶುದ್ಧಿಯನ್ನು ಒಪ್ಪುತ್ತಾನೆ, ಶುದ್ಧನಾಗುತ್ತಾನೆ, ಬಳಿಕ ಜನರ ಬಳಿಗೆ ಹೋಗಲು ಸಿದ್ಧನಾಗುತ್ತಾನೆ. ಬೆಟ್ಟದ ಮೇಲೇ ಉಳಿಯಲು ಗುಡಾರ ಹಾಕೋಣವೆಂದ ಪೇತ್ರನಿಗೆ ಮರುದಿನ ಎದುರಾಗುವುದು ಬೆಟ್ಟದ ಕೆಳಗೆ ನರಳುವ ಹುಡುಗ ಮತ್ತು ಅವನ ತಂದೆ. ಪಲಾಮಾಸನೂ ಹೀಗೆಯೇ ಇಳಿದುಬಂದ: ಬಂಡಾಯದಿಂದ ಒಡೆದುಹೋಗಿದ್ದ ಥೆಸಲೋನಿಕದಲ್ಲಿ ಶಾಂತಿ ಬೋಧಿಸಿದ, ಬಡ್ಡಿಯ ಸುಲಿಗೆಯನ್ನು ಖಂಡಿಸಿದ.

ಉಪಸಂಹಾರ

ಪಲಾಮಾಸನನ್ನು 1368ರಲ್ಲಿ ಸಂತನೆಂದು ಘೋಷಿಸಲಾಯಿತು. ಬೈಜಾಂಟಿಯನ್ ಪರಂಪರೆಯ ಸಭೆಗಳು ಈಸ್ಟರ್ ಮುಂಚಿನ ಮಹಾ ಉಪವಾಸಕಾಲದ ಎರಡನೆಯ ಭಾನುವಾರ ಅವನನ್ನು ಸ್ಮರಿಸುತ್ತವೆ. ಹೆಸಿಕಾಸ್ಟ್ ಬರಹಗಳ ಮಹಾಸಂಕಲನ ಫಿಲೋಕಾಲಿಯಾ 1782ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಮೇಲೆ ಈ ಪ್ರಾರ್ಥನೆ ರಷ್ಯಾದಲ್ಲಿ ಇನ್ನಷ್ಟು ಹರಡಿತು, 20ನೆಯ ಶತಮಾನದಲ್ಲಿ ಪಶ್ಚಿಮದ ಓದುಗರಿಗೂ ತಲುಪಿತು. ಇಂದು ಅದನ್ನು ಆರಾಧನೆಯಿಂದ ಬಿಡಿಸಿ, ಮನಶ್ಶಾಂತಿಯ ತಂತ್ರವಾಗಿ ಬಳಸುವವರೂ ಇದ್ದಾರೆ. ಮೇಲಿನ ಆಧಾರಗಳು ಆ ಬಳಕೆಯನ್ನು ಬೆಂಬಲಿಸುವುದಿಲ್ಲ. ಏಕಾಂತದ ಪ್ರಾರ್ಥನೆ, ಸಭೆಯ ಆರಾಧನೆ, ನೆರೆಯವರ ಸೇವೆ ಈ ಮೂರೂ ಸೇರಿದಲ್ಲಿ ಮಾತ್ರ ದೈವಮಹಿಮೆಯ ದರ್ಶನ ಎಂಬ ಮಾತಿಗೆ ಹೆಸಿಕಾಸ್ಟ್ ಪರಂಪರೆಯಲ್ಲಿ ಅರ್ಥವಿದೆ. ಒಂದನ್ನು ತೆಗೆದರೂ ಉಳಿಯುವುದು ಪಲಾಮಾಸ್ ಸಮರ್ಥಿಸಿದ ಪ್ರಾರ್ಥನೆಯಲ್ಲ.