ಕಲ್ಲುಗಳಲ್ಲಿ ಕಾಣುವ ಹಳೆಯ ದಾರಿ

ರಜೆಯ ದಿನ ಬುತ್ತಿ ಕಟ್ಟಿಕೊಂಡು ಹೊರಡುವ ರೂಢಿ ಆಂಧ್ರದಲ್ಲಿ ನೆಲೆಸಿರುವ ನಮ್ಮ ಅನೇಕ ಸಂಸಾರಗಳಲ್ಲಿದೆ. ವಿಜಯವಾಡದವರಿಗೆ ಕೃಷ್ಣೆಯ ಆಚೆಯ ಉಂಡವಲ್ಲಿ, ವಿಶಾಖಪಟ್ಟಣದವರಿಗೆ ಸಿಂಹಾಚಲ. ಹಿಂದಿರುಗುವ ಮುನ್ನ ಅಲ್ಲಿನ ಶಿಲ್ಪಗಳ ಮುಂದೆ ಒಂದು ಗಳಿಗೆ ನಿಲ್ಲುವುದು ಒಳ್ಳೆಯದು. "ನಾವು ಇಲ್ಲಿ ಹೊರಗಿನವರೇ?" ಎಂದು ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ.

ಪ್ರಕಾಶಂ ಬ್ಯಾರೇಜು ದಾಟಿದರೆ ಉಂಡವಲ್ಲಿ. ಬೆಟ್ಟದ ಬಂಡೆಯನ್ನೇ ಕೊರೆದು ಮಾಡಿದ ನಾಲ್ಕು ಅಂತಸ್ತಿನ ಗುಹಾಲಯ. ಹೊರಮೈಯಲ್ಲಿ ಸಿಂಹಗಳು, ಕುಳಿತ ಮುನಿಗಳು, ಒಳಗೆ ಅನಂತಶಯನ. ಕಂಡೊಡನೆ ನಮಗೆ ಬಾದಾಮಿಯ ನೆನಪಾಗುತ್ತದೆ. ಬಾದಾಮಿಗೂ ಈ ನಾಡಿಗೂ ನಿಜವಾದ ನಂಟೂ ಉಂಟು. 7ನೆಯ ಶತಮಾನದಲ್ಲಿ ಇಮ್ಮಡಿ ಪುಲಕೇಶಿ ವೇಂಗಿಯನ್ನು ಗೆದ್ದು ತಮ್ಮ ಕುಬ್ಜ ವಿಷ್ಣುವರ್ಧನನಿಗೆ ಒಪ್ಪಿಸಿದನು. ಅವನ ಸಂತತಿಯೇ ಪೂರ್ವ ಚಾಲುಕ್ಯರು. ಆ ವಂಶದ ಯುದ್ಧಮಲ್ಲನ ಶಾಸನ ವಿಜಯವಾಡದಲ್ಲಿ ದೊರೆತಿದೆ. ಅದು ತೆಲುಗು ಪದ್ಯದಲ್ಲಿದೆ. ಬಾದಾಮಿಯಿಂದ ಬಂದ ಮನೆತನ ಕೆಲವು ತಲೆಮಾರುಗಳಲ್ಲಿ ತೆಲುಗಿನ ಪೋಷಕವಾಯಿತು. ಇದಕ್ಕೆ ಪ್ರತಿಯಾಗಿ ವೇಂಗಿಯ ಕಡೆಯ ಮನೆತನವೊಂದು ಕನ್ನಡಕ್ಕೆ ಆದಿಕವಿ ಪಂಪನನ್ನು ಕೊಟ್ಟಿತು. ತನ್ನ ಪೂರ್ವಿಕರು ವೇಂಗಿಮಂಡಲದವರೆಂದು ಅವನೇ ಹೇಳಿಕೊಂಡಿದ್ದಾನೆ.

ಇನ್ನು ಸಿಂಹಾಚಲ. ಈಗಿನ ದೇವಾಲಯದ ಬಹುಭಾಗ 13ನೆಯ ಶತಮಾನದ ಪೂರ್ವ ಗಂಗರ ಕಾಲದ್ದು. ಕೋನಾರ್ಕವನ್ನು ಕಟ್ಟಿಸಿದವರೂ ಅವರೇ. ಹೊರಗೋಡೆಯ ಗೂಡುಗಳಲ್ಲಿ ವರಾಹ, ನರಸಿಂಹ, ತ್ರಿವಿಕ್ರಮರನ್ನು ಕಾಣಬಹುದು. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿಯೂ ಈ ಮೂವರಿದ್ದಾರೆ. ಅನಂತವರ್ಮ ಚೋಡಗಂಗನ 1118ರ ತಾಮ್ರಶಾಸನ ಈ ವಂಶದ ಮೂಲವನ್ನು ಗಂಗವಾಡಿಯ ಕೋಲಾಹಲಪುರಕ್ಕೆ, ಎಂದರೆ ನಮ್ಮ ಕೋಲಾರಕ್ಕೆ ಒಯ್ಯುತ್ತದೆ. ವಂಶದ ಕಥೆಯೆಲ್ಲವನ್ನೂ ಇತಿಹಾಸವೆಂದು ನಂಬಬೇಕಾಗಿಲ್ಲ. ಆದರೆ ಕಳಿಂಗದ ಅರಸರು ತಮ್ಮ ಬೇರು ಕನ್ನಡ ನಾಡಿನಲ್ಲಿದೆಯೆಂದು ಹೇಳಿಕೊಳ್ಳುವುದರಲ್ಲಿ ಹಿರಿಮೆ ಕಂಡರೆಂಬುದು ಮಾತ್ರ ನಿಜ.

1516ರಲ್ಲಿ ಇದೇ ಬೆಟ್ಟಕ್ಕೆ ಕೃಷ್ಣದೇವರಾಯ ಬಂದನು. ಗಜಪತಿಯ ಮೇಲೆ ದಂಡೆತ್ತಿ ಬಂದವನು ರಾಣಿಯರೊಡನೆ ದೇವರ ದರ್ಶನ ಮಾಡಿ, 991 ಮುತ್ತುಗಳ ಹಾರವನ್ನು ಒಪ್ಪಿಸಿದನೆಂದು ಅಲ್ಲಿನ ಶಾಸನ ತಿಳಿಸುತ್ತದೆ. ಅವನು 'ಆಮುಕ್ತಮಾಲ್ಯದ'ವನ್ನು ಬರೆದದ್ದು ತೆಲುಗಿನಲ್ಲಿ. ಆ ಕಾವ್ಯದಲ್ಲಿ ದೇವರು ಅವನನ್ನು ಕರೆಯುವುದು 'ಕನ್ನಡರಾಯ' ಎಂದು! ಅವನು ನಮ್ಮವನೋ ಅವರವನೋ ಎಂದು ವಾದಿಸುವವರಿಗೆ ಇದಕ್ಕಿಂತ ಉತ್ತರ ಬೇಕೆ?

ವಿಜಯವಾಡದಲ್ಲಿ 2024ರಲ್ಲಿ ಅನಾವರಣಗೊಂಡ 125 ಅಡಿಯ ಅಂಬೇಡ್ಕರ್ ಪ್ರತಿಮೆ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಹಳೆಯ ಶಿಲ್ಪಗಳಾದರೋ ಹತ್ತಿರ ಹೋದವರೊಡನೆ ಮಾತ್ರ ಮಾತನಾಡುತ್ತವೆ. ಈ ನೆಲದ ಮೇಲೆ ಹಕ್ಕು ಸಾಧಿಸಲು ನಾವು ಇದನ್ನೆಲ್ಲ ನೆನೆಯುತ್ತಿಲ್ಲ. ನಮಗಿಂತ ಮೊದಲು ಈ ದಾರಿಯಲ್ಲಿ ಬಂದವರು ಇಲ್ಲಿನ ಮಾತನ್ನು ಕಲಿತರು, ಬೆಳೆಸಿದರು, ಈ ನೆಲದವರೇ ಆದರು. ಕನ್ನಡ, ತೆಲುಗು ಲಿಪಿಗಳು ಒಂದೇ ಬಳ್ಳಿಯ ಕವಲುಗಳು. ಮನೆಯಲ್ಲಿ ಕನ್ನಡ ಕಲಿತ ಮಗು ಅಂಗಡಿಯ ತೆಲುಗು ಬೋರ್ಡನ್ನು ಸುಲಭವಾಗಿ ಓದಬಲ್ಲದು. ಮುಂದಿನ ರಜೆಯಲ್ಲಿ ಬುತ್ತಿಯ ಜೊತೆಗೆ ಈ ಕಥೆಗಳನ್ನೂ ಕಟ್ಟಿಕೊಂಡು ಹೊರಡೋಣ.