ಬೆಂಗಳೂರು ಸೀಮೆಯಲ್ಲಿ ದ್ವಿಧ್ರುವ ವ್ಯಾಧಿಯ ಚಿಕಿತ್ಸೆ
ಅತಿಯಾದ ಉತ್ಸಾಹ, ಅತಿಯಾದ ವಿಷಾದ ಎಂಬೆರಡು ಅವಸ್ಥೆಗಳು ಒಬ್ಬನಲ್ಲಿಯೇ ಕಾಲಭೇದದಿಂದ ತೋರುವ ಮನೋವ್ಯಾಧಿಗೆ ಈಗ ದ್ವಿಧ್ರುವ ವ್ಯಾಧಿ ಅಥವಾ ಬೈಪೋಲಾರ್ ಕಾಯಿಲೆಯೆಂದು ಹೆಸರು. ಇದನ್ನು 1899ರಲ್ಲಿ ಜರ್ಮನಿಯ ಕ್ರೇಪೆಲಿನನು ಪ್ರತ್ಯೇಕ ರೋಗವಾಗಿ ವರ್ಗೀಕರಿಸಿದನು. ಅದಕ್ಕೆ ಅರ್ಧ ಶತಮಾನದ ಹಿಂದೆಯೇ ಬೆಂಗಳೂರಿನಲ್ಲಿ ಏರ್ಪಟ್ಟಿದ್ದ ಹುಚ್ಚಾಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯೆನಿಸಿತು. ಹೆಸರು ಮಾರ್ಪಟ್ಟರೂ ಈ ವ್ಯಾಧಿಗೆ ತಕ್ಕ ಮದ್ದಿರಲಿಲ್ಲ. ರೋಗಿಯನ್ನು ಕಾಪಾಡಿಕೊಂಡು ಉದ್ರೇಕದ ಶಮನವನ್ನು ಕಾಯುವುದೇ ಬಹುಮಟ್ಟಿಗೆ ಉಪಾಯವಾಗಿದ್ದಿತು.

1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡನು ಲಿಥಿಯಂ ಲವಣವು ಉದ್ರೇಕವನ್ನು ಶಮನಗೊಳಿಸುವುದೆಂದು ಪ್ರಕಟಿಸಿದನು. ವ್ಯಾಧಿಯ ಮರುಕಳಿಕೆಯನ್ನೂ ತಡೆಯಬಲ್ಲ ಈ ಔಷಧವು ಪ್ರಮಾಣ ಮೀರಿದರೆ ವಿಷವಾಗುವುದು. ಆದುದರಿಂದ ರಕ್ತದಲ್ಲಿ ಅದರ ಮಟ್ಟವನ್ನೂ, ಮೂತ್ರಪಿಂಡ ಮತ್ತು ಥೈರಾಯ್ಡ್ ಗ್ರಂಥಿಯ ಸ್ಥಿತಿಯನ್ನೂ ಆಗಾಗ ಪರೀಕ್ಷಿಸಬೇಕು. ರೋಗಿಯು ಮನೆಗೆ ಮರಳುವುದು ಸಾಧ್ಯವಾಯಿತು; ಆದರೆ ವೈದ್ಯನು ಮನೆಗೆ ಸಮೀಪದಲ್ಲಿರುವುದು ಅವಶ್ಯವಾಯಿತು.

ಆ ಆಸ್ಪತ್ರೆಯ ಪರಂಪರೆಯಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯು, ಅದೇ ದಶಕದಲ್ಲಿ ನಗರದ ದಕ್ಷಿಣಕ್ಕಿರುವ ಸಕಲವಾರ ಗ್ರಾಮದಲ್ಲಿ ಕೇಂದ್ರವನ್ನು ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋವ್ಯಾಧಿಗಳ ಶಿಕ್ಷಣವನ್ನಿತ್ತಿತು. ಈ ಪದ್ಧತಿಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಗೆ ವ್ಯಾಪಿಸಿತು. ಬಳ್ಳಾರಿಯ ಮಾದರಿಯೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಯೋಜನೆಗೆ ಆಧಾರವಾಯಿತು.

ಸಕಲವಾರಕ್ಕೆ ಅನತಿದೂರದಲ್ಲಿ ಇಂದು ಎಲೆಕ್ಟ್ರಾನಿಕ್ ಸಿಟಿ ಬೆಳೆದಿದೆ. ಅಲ್ಲಿಯ ರಾತ್ರಿ ಪಾಳಿಯಿಂದ ಉಂಟಾಗುವ ನಿದ್ರಾಭಂಗವು ಈ ವ್ಯಾಧಿಯುಳ್ಳವರಲ್ಲಿ ಉದ್ರೇಕವನ್ನು ಕೆರಳಿಸಬಲ್ಲದು. ಹಳ್ಳಿಗಾಗಿ ಹುಟ್ಟಿದ ಸಕಲವಾರದ ಪಾಠವು ಪಟ್ಟಣದ ಈ ಅಂಚಿಗೂ ಅನ್ವಯಿಸತಕ್ಕದ್ದಾಗಿದೆ.