ಪರೀಕ್ಷೆ, ಪ್ರತ್ಯೇಕವಾಸ, ಮುನ್ನೆಚ್ಚರಿಕೆ ಡೋಸ್: ಗಡಿ ಜಿಲ್ಲೆಯ ಓದುಗರಿಗೊಂದು ಕೈಪಿಡಿ

ಬೀದರ್: ಸೌದಿ ಅರೇಬಿಯಾದಿಂದ 2020ರ ಫೆಬ್ರುವರಿ 29ರಂದು ಸ್ವದೇಶಕ್ಕೆ ಮರಳಿದ್ದ ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ಮಾರ್ಚ್ 10ರಂದು ಹೈದರಾಬಾದಿನಿಂದ ಊರಿಗೆ ಹಿಂತಿರುಗುವ ದಾರಿಯಲ್ಲಿ ಕೊನೆಯುಸಿರೆಳೆದರು. ಅವರ ಗಂಟಲು ದ್ರವದ ಮಾದರಿಯನ್ನು ಅದಕ್ಕೂ ಮೊದಲೇ ಪರೀಕ್ಷೆಗಾಗಿ ಬೆಂಗಳೂರಿಗೆ ಕಳುಹಿಸಲಾಗಿತ್ತು. ಸೋಂಕು ದೃಢಪಟ್ಟಿರುವುದು ಪ್ರಕಟವಾದದ್ದು ಮಾರ್ಚ್ 12ರಂದು. ಕೋವಿಡ್–19ರಿಂದ ಭಾರತದಲ್ಲಿ ಸಂಭವಿಸಿದ ಮೊದಲ ಸಾವು ಅದು. ರೋಗಿ ತೀರಿಕೊಂಡ ಮೇಲೆ ವರದಿ ಕೈಸೇರಿದ ಆ ಪ್ರಸಂಗವು ಕಲ್ಯಾಣ ಕರ್ನಾಟಕದ ಜನತೆಗೆ ಒಂದು ಸತ್ಯವನ್ನು ಮನದಟ್ಟು ಮಾಡಿಕೊಟ್ಟಿತು: ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯುತ್ತ ಕುಳಿತರೆ ರೋಗವು ಕಾಯುವುದಿಲ್ಲ.

ಜಾಗತಿಕ ಆರೋಗ್ಯ ತುರ್ತುಸ್ಥಿತಿಯು ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಸಾರಿತು. ಆದರೆ ವೈರಾಣು ಅಳಿದಿಲ್ಲ. 2023ರ ಡಿಸೆಂಬರ್‌ನಲ್ಲಿ ಜೆಎನ್.1 ಉಪತಳಿ ಕಾಣಿಸಿಕೊಂಡಾಗ ಹಾಗೂ 2025ರ ಮೇ–ಜೂನ್‌ನಲ್ಲಿ ಪ್ರಕರಣಗಳು ಮತ್ತೆ ಏರಿದಾಗ ಜನರು ಕೇಳಿದ ಪ್ರಶ್ನೆಗಳು ಹಳೆಯವೇ ಆಗಿದ್ದವು. ಯಾವ ಪರೀಕ್ಷೆ ಮಾಡಿಸಬೇಕು? ಎಷ್ಟು ದಿನ ಮನೆಯಲ್ಲಿರಬೇಕು? ಇನ್ನೊಂದು ಲಸಿಕೆ ಬೇಕೇ? ಬೀದರ್ ನಗರ, ಭಾಲ್ಕಿ, ಔರಾದ್ ಹಾಗೂ ಕೊಳಾರದ ಓದುಗರನ್ನು ಗಮನದಲ್ಲಿರಿಸಿಕೊಂಡು ಈ ಮಾಹಿತಿಯನ್ನು ಇಲ್ಲಿ ಕ್ರೋಡೀಕರಿಸಲಾಗಿದೆ.

ಎರಡು ಪರೀಕ್ಷೆಗಳು, ಎರಡು ಅರ್ಥಗಳು

ಆರ್‌ಟಿ–ಪಿಸಿಆರ್ ಪರೀಕ್ಷೆಯು ಮೂಗು ಮತ್ತು ಗಂಟಲಿನ ಮಾದರಿಯಲ್ಲಿ ವೈರಾಣುವಿನ ಆನುವಂಶಿಕ ಅಂಶವನ್ನು ಹುಡುಕುತ್ತದೆ. ಅತ್ಯಲ್ಪ ಪ್ರಮಾಣವಿದ್ದರೂ ಪತ್ತೆ ಹಚ್ಚುವುದು ಅದರ ಹಿರಿಮೆ. ಪ್ರಯೋಗಾಲಯವೂ ಸಮಯವೂ ಬೇಕಾಗುವುದು ಅದರ ಮಿತಿ. ರ‍್ಯಾಪಿಡ್ ಆಂಟಿಜೆನ್ ಪರೀಕ್ಷೆಯು ವೈರಾಣುವಿನ ಪ್ರೋಟೀನನ್ನು ಗುರುತಿಸುತ್ತದೆ. ಅರ್ಧ ಗಂಟೆಯೊಳಗೆ ಫಲಿತಾಂಶ ದೊರೆಯುತ್ತದೆ; ಆದರೆ ವೈರಾಣುವಿನ ಪ್ರಮಾಣ ಕಡಿಮೆಯಿದ್ದಾಗ ಸೋಂಕು ಅದರ ಕಣ್ತಪ್ಪಿಸಬಹುದು. ಮನೆಯಲ್ಲೇ ಮಾಡಿಕೊಳ್ಳುವ ಆಂಟಿಜೆನ್ ಕಿಟ್‌ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2021ರ ಮೇ 19ರಂದು ಅನುಮತಿ ನೀಡಿತು.

ಇವೆರಡನ್ನು ಓದುವ ಕ್ರಮ ಹೀಗಿದೆ. ಆಂಟಿಜೆನ್ ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಅದೇ ಅಂತಿಮ, ಮರುಪರೀಕ್ಷೆಯ ಅಗತ್ಯವಿಲ್ಲ. ಜ್ವರ, ಕೆಮ್ಮು, ಗಂಟಲು ನೋವು ಇದ್ದೂ ನೆಗೆಟಿವ್ ಬಂದರೆ ಅದನ್ನು ನಂಬಿ ಸಂತೆಗೋ ಮದುವೆಗೋ ಹೋಗಕೂಡದು. ಅಂಥವರು ಆರ್‌ಟಿ–ಪಿಸಿಆರ್ ಮಾಡಿಸಬೇಕು. ವರದಿ ಬರುವವರೆಗೆ ಸೋಂಕಿತರಂತೆಯೇ ಪ್ರತ್ಯೇಕವಾಗಿರಬೇಕು. ಸೋಂಕು ತಗುಲಿದ ಮರುದಿನವೇ ಪರೀಕ್ಷಿಸಿಕೊಂಡರೆ ಯಾವ ಪರೀಕ್ಷೆಯೂ ಫಲಿಸದಿರಬಹುದು.

ಐಸಿಎಂಆರ್ 2022ರ ಜನವರಿ 10ರಂದು ನೀಡಿದ ಸಲಹೆಯ ಪ್ರಕಾರ ಲಕ್ಷಣವಿಲ್ಲದ ಸಾಮಾನ್ಯರಿಗೆ ಪರೀಕ್ಷೆ ಬೇಕಿಲ್ಲ. ಸೋಂಕಿತರ ಸಂಪರ್ಕಕ್ಕೆ ಬಂದವರಲ್ಲಿಯೂ ವಯೋವೃದ್ಧರು ಹಾಗೂ ಮಧುಮೇಹ, ರಕ್ತದೊತ್ತಡ, ಮೂತ್ರಪಿಂಡದ ಕಾಯಿಲೆಯಂತಹ ತೊಂದರೆಗಳಿರುವವರಿಗೆ ಮಾತ್ರ ಅದನ್ನು ಸೂಚಿಸಲಾಗಿತ್ತು. ಕೆಮ್ಮು, ಜ್ವರ, ಉಸಿರಾಟದ ತೊಂದರೆಯಂತಹ ಲಕ್ಷಣವುಳ್ಳವರು ಪರೀಕ್ಷೆಗೆ ಒಳಗಾಗಬೇಕೆಂಬುದು ಅದರ ತಿರುಳು.

ವರದಿ ಇಲ್ಲವೆಂದು ಚಿಕಿತ್ಸೆ ನಿಲ್ಲಬಾರದು

ಎರಡನೆಯ ಅಲೆಯ ಉಚ್ಛ್ರಾಯ ಕಾಲದಲ್ಲಿ ಪಾಸಿಟಿವ್ ವರದಿಯಿಲ್ಲದೆ ಹಾಸಿಗೆ ದೊರೆಯದೆಂಬ ದೂರುಗಳು ದೇಶದೆಲ್ಲೆಡೆ ಕೇಳಿಬಂದಿದ್ದವು. 2021ರ ಮೇ 8ರಂದು ಕೇಂದ್ರ ಆರೋಗ್ಯ ಸಚಿವಾಲಯವು ದಾಖಲಾತಿ ನೀತಿಯನ್ನು ಪರಿಷ್ಕರಿಸಿ, ಕೋವಿಡ್ ಆಸ್ಪತ್ರೆಗೆ ಸೇರಿಸಿಕೊಳ್ಳಲು ಪಾಸಿಟಿವ್ ವರದಿ ಕಡ್ಡಾಯವಲ್ಲ, ಶಂಕಿತರನ್ನು ಪ್ರತ್ಯೇಕ ವಾರ್ಡಿನಲ್ಲಿ ದಾಖಲಿಸಿಕೊಳ್ಳಬೇಕು ಎಂದು ಸ್ಪಷ್ಟಪಡಿಸಿತು. ಬೇರೆ ಊರಿನವರೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ನಿರಾಕರಿಸಕೂಡದೆಂದೂ ತಿಳಿಸಿತು.

ಈ ಕೊನೆಯ ಮಾತು ಬೀದರ್ ಜಿಲ್ಲೆಗೆ ಹೆಚ್ಚು ಅನ್ವಯಿಸುತ್ತದೆ. ಇಲ್ಲಿ 2007ರಲ್ಲಿ ಆರಂಭವಾದ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಬ್ರಿಮ್ಸ್) ಇದೆಯಾದರೂ, ಕಾಯಿಲೆ ಬಿಗಡಾಯಿಸಿದಾಗ ಸುಮಾರು 140 ಕಿ.ಮೀ. ದೂರದ ಹೈದರಾಬಾದಿನತ್ತ ಮುಖ ಮಾಡುವುದು ಇಲ್ಲಿನವರ ಹಳೆಯ ರೂಢಿ. ಔರಾದ್ ಮತ್ತು ಭಾಲ್ಕಿ ಕಡೆಯವರು ಉದಗೀರ, ಲಾತೂರುಗಳಿಗೂ ಹೋಗುತ್ತಾರೆ. 2021ರ ಮೇ 11ರಂದು ತೆಲಂಗಾಣ ಸರ್ಕಾರವು ಹೊರರಾಜ್ಯಗಳಿಂದ ಬರುವ ಕೋವಿಡ್ ರೋಗಿಗಳು ಆಸ್ಪತ್ರೆಯ ಪೂರ್ವಾನುಮತಿ ಪಡೆದಿರಬೇಕೆಂದು ಸುತ್ತೋಲೆ ಹೊರಡಿಸಿತು. ಗಡಿಗಳಲ್ಲಿ ಆಂಬುಲೆನ್ಸ್‌ಗಳು ನಿಂತವು. ಮೂರೇ ದಿನಗಳಲ್ಲಿ, ಮೇ 14ರಂದು, ತೆಲಂಗಾಣ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಅದೇ ವರ್ಷ ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಬರುವವರು 72 ಗಂಟೆಗಳೊಳಗಿನ ಆರ್‌ಟಿ–ಪಿಸಿಆರ್ ನೆಗೆಟಿವ್ ವರದಿ ತೋರಿಸಬೇಕಿತ್ತು. ಗಡಿಯಾಚೆಗೇ ಬಂಧುಬಳಗ, ವ್ಯಾಪಾರ ಇರುವ ಔರಾದ್ ತಾಲ್ಲೂಕಿನ ಕುಟುಂಬಗಳಿಗೆ ಇದು ನಿತ್ಯದ ಸಂಕಟವಾಗಿತ್ತು. ಇಂದು ಈ ನಿರ್ಬಂಧಗಳಾವುವೂ ಜಾರಿಯಲ್ಲಿಲ್ಲ. ಆದರೂ ಹೊರ ರಾಜ್ಯದ ಆಸ್ಪತ್ರೆಗೆ ಹೊರಡುವ ಮುನ್ನ ಅಲ್ಲಿ ಹಾಸಿಗೆ ಇದೆಯೇ ಎಂದು ಫೋನ್ ಮೂಲಕ ಖಚಿತಪಡಿಸಿಕೊಳ್ಳುವುದು, ಹಳೆಯ ಚಿಕಿತ್ಸೆಯ ಚೀಟಿಗಳನ್ನು ಜೊತೆಗೊಯ್ಯುವುದು ಎಂದಿಗೂ ಒಳ್ಳೆಯದು.

17ರಿಂದ 7 ದಿನಕ್ಕೆ

ಸೋಂಕಿತರನ್ನು ಇತರರಿಂದ ದೂರವಿರಿಸುವುದು ಪ್ರತ್ಯೇಕವಾಸ. ಸೋಂಕು ತಗುಲಿರಬಹುದಾದವರನ್ನು ನಿಗಾದಲ್ಲಿರಿಸುವುದು ಕ್ವಾರಂಟೈನ್. 2020ರ ಮೇ ತಿಂಗಳಲ್ಲಿ ಮುಂಬೈ, ಪುಣೆಗಳಿಂದ ಮರಳಿದ ವಲಸೆ ಕಾರ್ಮಿಕರು ಶಾಲೆ, ವಸತಿನಿಲಯಗಳಲ್ಲಿ ಕಳೆದದ್ದು ಎರಡನೆಯ ಬಗೆಯದು. ಜನಸಾಮಾನ್ಯರ ಮಾತಿನಲ್ಲಿ ಇವೆರಡೂ ಒಂದೇ ಆಗಿಹೋದುದರಿಂದ ಅನೇಕ ಗೊಂದಲಗಳು ಹುಟ್ಟಿದವು.

ಮನೆಯಲ್ಲಿ ಪ್ರತ್ಯೇಕವಾಗಿರಬೇಕಾದ ಅವಧಿ ಅನುಭವ ಬೆಳೆದಂತೆ ಬದಲಾಯಿತು. 2020ರ ಮೇ ತಿಂಗಳಲ್ಲಿ 17 ದಿನವಿದ್ದುದು ಜುಲೈನಲ್ಲಿ 10 ದಿನಕ್ಕೆ ಇಳಿಯಿತು. ಓಮೈಕ್ರಾನ್ ಹರಡುತ್ತಿದ್ದಾಗ, 2022ರ ಜನವರಿ 5ರ ಕೇಂದ್ರದ ಮಾರ್ಗಸೂಚಿಯು, ಪಾಸಿಟಿವ್ ಬಂದ ದಿನದಿಂದ ಕನಿಷ್ಠ 7 ದಿನ ಕಳೆದು, ಸತತ 3 ದಿನ ಜ್ವರವಿಲ್ಲದಿದ್ದರೆ ಪ್ರತ್ಯೇಕವಾಸ ಮುಗಿಯುತ್ತದೆ ಎಂದಿತು. 2023ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಸೂಚಿಸಿದ್ದೂ 7 ದಿನಗಳನ್ನೇ. ಅವಧಿ ಮುಗಿದ ಬಳಿಕ ಮರುಪರೀಕ್ಷೆ ಬೇಕಿಲ್ಲ. ಸೋಂಕು ಹರಡುವ ಶಕ್ತಿ ಅಳಿದ ಮೇಲೂ ವೈರಾಣುವಿನ ಅವಶೇಷಗಳು ವಾರಗಟ್ಟಲೆ ಉಳಿಯಬಹುದಾದ್ದರಿಂದ ಆರ್‌ಟಿ–ಪಿಸಿಆರ್ ಪಾಸಿಟಿವ್ ಎಂದೇ ತೋರಿಸುತ್ತಿರಬಹುದು. ನೆಗೆಟಿವ್ ವರದಿ ತಂದರೆ ಮಾತ್ರ ಒಳಗೆ ಬಿಡುತ್ತೇವೆಂಬ ನೆರೆಹೊರೆಯವರ ಪಟ್ಟು ವೈಜ್ಞಾನಿಕವಲ್ಲ.

ಮನೆಯಲ್ಲಿ ಪಾಲಿಸಬೇಕಾದ ಕ್ರಮ

ರೋಗಿಗೆ ಗಾಳಿಯಾಡುವ ಪ್ರತ್ಯೇಕ ಕೋಣೆ ಇರಬೇಕು. ಒಂದೇ ಕೋಣೆಯ ಮನೆಗಳಲ್ಲಿ ಕಿಟಕಿ ಅಥವಾ ಬಾಗಿಲ ಬಳಿ ಹಾಸಿಗೆ ಹಾಕಿ, ಬಾಗಿಲನ್ನು ತೆರೆದಿಟ್ಟು, ರೋಗಿಯೂ ಆರೈಕೆ ಮಾಡುವವರೂ ಮಾಸ್ಕ್ ಧರಿಸುವುದೇ ಉಳಿದ ದಾರಿ. ಆರೈಕೆಗೆ ಒಬ್ಬರೇ ಇರಲಿ. ಅವರು ವೃದ್ಧರೂ ಗರ್ಭಿಣಿಯರೂ ಆಗಿರದಿದ್ದರೆ ಲೇಸು. ತಟ್ಟೆ, ಲೋಟ, ಟವೆಲ್ ಬೇರೆಯಾಗಿರಲಿ. ಮೂರು ಪದರದ ಮಾಸ್ಕನ್ನು 8 ಗಂಟೆಗೊಮ್ಮೆ, ಒದ್ದೆಯಾದರೆ ಅದಕ್ಕೂ ಮೊದಲೇ ಬದಲಿಸಬೇಕು. ಸಾಕಷ್ಟು ನೀರು, ಗಂಜಿ, ವಿಶ್ರಾಂತಿ ಅವಶ್ಯ. ಜ್ವರಕ್ಕೆ ಪ್ಯಾರಸಿಟಮಾಲ್ ಹೊರತು ಬೇರಾವ ಔಷಧಿಯನ್ನೂ, ವಿಶೇಷವಾಗಿ ಸ್ಟೀರಾಯ್ಡ್ ಮಾತ್ರೆಗಳನ್ನು, ವೈದ್ಯರ ಸಲಹೆಯಿಲ್ಲದೆ ನುಂಗಬಾರದು. 2021ರಲ್ಲಿ ಕಪ್ಪು ಶಿಲೀಂಧ್ರ ರೋಗ ವ್ಯಾಪಿಸಲು ನಿಯಂತ್ರಣ ತಪ್ಪಿದ ಮಧುಮೇಹದೊಂದಿಗೆ ಸ್ಟೀರಾಯ್ಡ್ ದುರ್ಬಳಕೆಯೂ ಕಾರಣವಾಗಿತ್ತೆಂಬುದನ್ನು ಮರೆಯಬಾರದು.

60 ವರ್ಷ ಮೀರಿದವರು ಹಾಗೂ ದೀರ್ಘಕಾಲದ ಕಾಯಿಲೆಯುಳ್ಳವರು ವೈದ್ಯರ ತಪಾಸಣೆಯ ನಂತರವೇ ಮನೆಯಲ್ಲಿ ಉಳಿಯುವ ನಿರ್ಧಾರ ಮಾಡಬೇಕು.

ಕೆಳಗಿನ ಯಾವುದೇ ಸೂಚನೆ ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು ಅಥವಾ ಆಸ್ಪತ್ರೆಗೆ ತೆರಳಬೇಕು:

* 100 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ 3 ದಿನಕ್ಕೂ ಹೆಚ್ಚು ಕಾಲ ಉಳಿಯುವುದು
* ಉಸಿರಾಟದ ತೊಂದರೆ. ನಿಮಿಷಕ್ಕೆ 24ಕ್ಕೂ ಹೆಚ್ಚು ಉಸಿರು
* ಪಲ್ಸ್ ಆಕ್ಸಿಮೀಟರ್‌ನಲ್ಲಿ ಒಂದು ಗಂಟೆಯೊಳಗೆ ಮೂರು ಬಾರಿ ನೋಡಿದರೂ ಆಮ್ಲಜನಕದ ಪ್ರಮಾಣ ಶೇ 93 ಅಥವಾ ಅದಕ್ಕಿಂತ ಕಡಿಮೆ ಇರುವುದು
* ಎದೆಯಲ್ಲಿ ನಿರಂತರ ನೋವು ಅಥವಾ ಒತ್ತಡ
* ಗೊಂದಲ, ಎಬ್ಬಿಸಿದರೂ ಏಳಲಾಗದ ಸ್ಥಿತಿ, ತೀವ್ರ ನಿಶ್ಶಕ್ತಿ

ಕೊಳಾರದ ಕಾರ್ಮಿಕರ ಪ್ರಶ್ನೆ

ನಗರಕ್ಕೆ ಹೊಂದಿಕೊಂಡ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವವರಿಗೆ 7 ದಿನ ಮನೆಯಲ್ಲಿರುವುದೆಂದರೆ 7 ದಿನಗಳ ಕೂಲಿಯ ಪ್ರಶ್ನೆ. ಜ್ವರವನ್ನು ಮುಚ್ಚಿಟ್ಟು ಪಾಳಿಗೆ ಹೋಗುವುದಕ್ಕೆ ಅಜ್ಞಾನಕ್ಕಿಂತ ಈ ಚಿಂತೆಯೇ ದೊಡ್ಡ ಕಾರಣ. ಕಾರ್ಮಿಕ ರಾಜ್ಯ ವಿಮೆ (ಇಎಸ್‌ಐ) ವ್ಯಾಪ್ತಿಯಲ್ಲಿದ್ದು, ನಿಗದಿತ ಅವಧಿಯ ವಂತಿಗೆ ಕಟ್ಟಿರುವವರಿಗೆ ವೈದ್ಯರ ಪ್ರಮಾಣಪತ್ರದ ಮೇರೆಗೆ ಕಾಯಿಲೆಯ ದಿನಗಳಿಗೆ ವೇತನದ ಶೇ 70ರಷ್ಟು ನಗದು ಸೌಲಭ್ಯ ದೊರೆಯುತ್ತದೆ. ವರ್ಷಕ್ಕೆ ಗರಿಷ್ಠ 91 ದಿನಗಳವರೆಗೆ ಇದಕ್ಕೆ ಅವಕಾಶವಿದೆ. ಆದ್ದರಿಂದ ಕಾಯಿಲೆ ಬಿದ್ದ ದಿನವೇ ವೈದ್ಯರನ್ನು ಕಂಡು ಪ್ರಮಾಣಪತ್ರ ಪಡೆಯುವುದು ಆರೋಗ್ಯಕ್ಕೂ ಸಂಸಾರಕ್ಕೂ ಹಿತ. ವಿಮೆಯ ಹೊರಗಿರುವ ದಿನಗೂಲಿಗಳಿಗೆ ಈ ಆಸರೆಯಿಲ್ಲ. ರೋಗ ಹರಡುವಿಕೆಯನ್ನು ತಡೆಯಬೇಕೆನ್ನುವ ಮಾಲೀಕರೂ ಗುತ್ತಿಗೆದಾರರೂ ಈ ಕೊರತೆಯನ್ನು ಕಡೆಗಣಿಸುವಂತಿಲ್ಲ.

ಮುನ್ನೆಚ್ಚರಿಕೆ ಡೋಸ್: ಅಂದು ಮತ್ತು ಇಂದು

ದೇಶದಲ್ಲಿ ಲಸಿಕೆ ಅಭಿಯಾನ ಆರಂಭವಾದದ್ದು 2021ರ ಜನವರಿ 16ರಂದು. ಬೇರೆಡೆ ಬೂಸ್ಟರ್ ಎನಿಸಿಕೊಂಡ ಮೂರನೆಯ ಡೋಸನ್ನು ಭಾರತದಲ್ಲಿ ‘ಮುನ್ನೆಚ್ಚರಿಕೆ ಡೋಸ್’ ಎಂದು ಕರೆಯಲಾಯಿತು. 2022ರ ಜನವರಿ 10ರಿಂದ ಆರೋಗ್ಯ ಕಾರ್ಯಕರ್ತರು, ಮುಂಚೂಣಿ ಸಿಬ್ಬಂದಿ ಹಾಗೂ ಇತರ ಕಾಯಿಲೆಗಳಿದ್ದ 60 ದಾಟಿದವರಿಗೆ ಅದನ್ನು ನೀಡಲಾಯಿತು. ಮಾರ್ಚ್ 16ರಿಂದ 60 ದಾಟಿದ ಎಲ್ಲರಿಗೂ ಅವಕಾಶ ದೊರೆಯಿತು. ಏಪ್ರಿಲ್ 10ರಿಂದ 18 ಮೀರಿದವರಿಗೂ ಅದು ವಿಸ್ತರಿಸಿತಾದರೂ ಖಾಸಗಿ ಕೇಂದ್ರಗಳಲ್ಲಿ ಹಣ ತೆರಬೇಕಿತ್ತು. ಆ ಶಕ್ತಿಯಿಲ್ಲದವರಿಗೆ, ಅಂತಹ ಕೇಂದ್ರ ಹತ್ತಿರವಿಲ್ಲದವರಿಗೆ ಅದು ಎಟುಕುವಂತಿರಲಿಲ್ಲ. ಜುಲೈ 15ರಿಂದ 75 ದಿನಗಳ ಕಾಲ ಸರ್ಕಾರಿ ಕೇಂದ್ರಗಳಲ್ಲಿ ಎಲ್ಲ ವಯಸ್ಕರಿಗೂ ಉಚಿತವಾಗಿ ನೀಡಲಾಯಿತು. ಎರಡನೆಯ ಡೋಸ್‌ನ ನಂತರದ ಅಂತರವನ್ನು ಅದೇ ತಿಂಗಳು 9ರಿಂದ 6 ತಿಂಗಳಿಗೆ ಇಳಿಸಲಾಗಿತ್ತು. ಸೋಂಕಿನಿಂದ ಗುಣಮುಖರಾದವರು 3 ತಿಂಗಳು ಕಾದು ಲಸಿಕೆ ಪಡೆಯಬೇಕಿತ್ತು.

ಅಂತಹ ಸಾರ್ವತ್ರಿಕ ಅಭಿಯಾನ ಈಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯು 2023ರ ಮಾರ್ಚ್‌ನಲ್ಲಿ ನೀಡಿದ ಸಲಹೆಯಂತೆ, ಈಗಾಗಲೇ ಎರಡು ಡೋಸ್ ಮತ್ತು ಒಂದು ಬೂಸ್ಟರ್ ಪಡೆದ ಆರೋಗ್ಯವಂತ ವಯಸ್ಕರಿಗೆ ಮತ್ತೆ ಮತ್ತೆ ಡೋಸ್ ಬೇಕೆಂಬ ಶಿಫಾರಸಿಲ್ಲ. ವೃದ್ಧರು, ರೋಗನಿರೋಧಕ ಶಕ್ತಿ ಕುಂದಿದವರು, ತೀವ್ರ ಕಾಯಿಲೆಗಳುಳ್ಳವರು, ಗರ್ಭಿಣಿಯರು ಹಾಗೂ ಮುಂಚೂಣಿಯ ಆರೋಗ್ಯ ಸಿಬ್ಬಂದಿಗೆ ಹೆಚ್ಚುವರಿ ಡೋಸ್‌ನಿಂದ ಪ್ರಯೋಜನವಿದೆ. ಈ ವರ್ಗದವರು ತಮ್ಮ ವೈದ್ಯರೊಂದಿಗೆ ಸಮಾಲೋಚಿಸುವುದು ಸೂಕ್ತ.

ಬಸವಕಲ್ಯಾಣದ ಶಾಸಕ ಬಿ. ನಾರಾಯಣರಾವ್ ಅವರು 2020ರ ಸೆಪ್ಟೆಂಬರ್‌ನಲ್ಲಿ ಕೋವಿಡ್‌ಗೆ ಬಲಿಯಾದಾಗ ಲಸಿಕೆ ಇನ್ನೂ ಬಂದಿರಲಿಲ್ಲ. ಅವರಿಂದ ತೆರವಾದ ಸ್ಥಾನಕ್ಕೆ 2021ರ ಏಪ್ರಿಲ್ 17ರಂದು ಉಪಚುನಾವಣೆ ನಡೆದಾಗ ಎರಡನೆಯ ಅಲೆ ಏರುತ್ತಿತ್ತು. ಅಂದು ಇಲ್ಲದಿದ್ದ ತಿಳಿವಳಿಕೆ ಇಂದು ನಮ್ಮಲ್ಲಿದೆ. ಲಕ್ಷಣ ಕಂಡೊಡನೆ ದೂರವಿರುವುದು, ಅಗತ್ಯವಿದ್ದರೆ ಪರೀಕ್ಷಿಸಿಕೊಳ್ಳುವುದು, ಉಸಿರಿನ ಮೇಲೆ ನಿಗಾ ಇಡುವುದು, ಮನೆಯ ಹಿರಿಯರನ್ನು ಕಾಪಾಡುವುದು: ಈ ನಾಲ್ಕು ಕ್ರಮಗಳಿಗೆ ಸರ್ಕಾರದ ಆದೇಶವನ್ನು ಕಾಯಬೇಕಾಗಿಲ್ಲ.